ಲೋಡರ್ ಪರದೆ ಮೇಲೆ ಕೋಡ್ ಬಂತಾ? ಎರಡನೇ ನಂಬರು ಮೊದಲು ಓದಿ

ಸ್ಕಿಡ್ ಸ್ಟಿಯರ್ ಲೋಡರ್ ಅಂದರೆ ನಮ್ಮ ಕಡೆ ಬಹಳ ಜನಕ್ಕೆ ತಿಳಿಯಲ್ಲ, ಬಾಬ್‌ಕ್ಯಾಟ್ ಅಂದರೆ ತಕ್ಷಣ ತಿಳಿಯುತ್ತೆ. ಯಾವ ಕಂಪನಿಯದ್ದಾದರೂ ಹೆಸರು ಅದೇ, ಹಿಂದೆ ಅಗೆಯುವ ಕೈ ಇರುವ ಗಾಡಿಗಳೆಲ್ಲ ಜೆಸಿಬಿ ಆದ ಹಾಗೆ. ಕೋಳಿ ಫಾರಂನಲ್ಲಿ ಗೊಬ್ಬರ ತೆಗೆಯೋದು, ದೊಡ್ಡ ಡೇರಿಯ ಕೊಟ್ಟಿಗೆ ಬಳಿಯೋದು, ತೆಂಗಿನ ನಾರಿನ ಘಟಕದಲ್ಲಿ ಪುಡಿ ತುಂಬೋದು, ಜೆಸಿಬಿ ತಿರುಗದ ಕಿರಿದಾದ ಜಾಗದಲ್ಲಿ ಮಣ್ಣು ಸಾಗಿಸೋದು ಇದರ ಕೆಲಸ. ಸಾಲ ಮಾಡಿ ಇಂಥದ್ದೊಂದು ತಂದು, ಸ್ವಂತ ಕೆಲಸ ಮುಗಿದ ಮೇಲೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಯುವಕರೂ ಇದ್ದಾರೆ. ಅವರಿಗೆ ಗಾಡಿ ನಿಂತರೆ ಗಂಟೆ ಮೀಟರು ನಿಲ್ಲುತ್ತೆ, ಕಂತು ಮಾತ್ರ ನಿಲ್ಲಲ್ಲ.

ಸಾಮಾನ್ಯವಾಗಿ ನಡೆಯೋದು ಹೀಗೆ. ಕೆಲಸದ ಮಧ್ಯೆ ಪರದೆ ಮೇಲೆ ಹಳದಿ ದೀಪ ಹತ್ತಿ ಎರಡು ನಂಬರು ಬರುತ್ತೆ. ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಉತ್ತರ ಬರುತ್ತೆ: "ಸೆನ್ಸರ್ ಹೋಗಿದೆ, ಚೇಂಜ್ ಮಾಡಿ." ಸಾವಿರಗಟ್ಟಲೆ ಕೊಟ್ಟು ಸೆನ್ಸರ್ ತರಿಸಿ, ಹಾಕಿ, ಕೀ ತಿರುಗಿಸಿದರೆ ಅದೇ ಕೋಡ್ ಮತ್ತೆ ಎದುರಿಗೆ ನಿಂತಿರುತ್ತೆ. ಒಮ್ಮೆ ಹಾಕಿದ ಎಲೆಕ್ಟ್ರಿಕಲ್ ಪಾರ್ಟನ್ನು ಅಂಗಡಿಯವರು ವಾಪಸ್ ತಗೊಳ್ಳೋದು ಅಪರೂಪ.

ಇಲ್ಲಿ ತಪ್ಪು ಕೋಡ್‌ನದ್ದಲ್ಲ, ಓದುವ ರೀತಿಯದ್ದು. ಯಾವ ಪಾರ್ಟ್ ಕೆಟ್ಟಿದೆ ಅಂತ ಕೋಡ್ ಹೇಳಲ್ಲ. ಇಂಜಿನ್ ಕಂಪ್ಯೂಟರಿಗೆ ಯಾವ ಅಳತೆ ಸರಿ ಕಾಣ್ತಾ ಇಲ್ಲ, ಹೇಗೆ ಸರಿ ಕಾಣ್ತಾ ಇಲ್ಲ, ಇಷ್ಟನ್ನೇ ಹೇಳುತ್ತೆ. ಆ "ಹೇಗೆ" ಅನ್ನೋದು ಎರಡನೇ ನಂಬರಿನಲ್ಲಿ ಇರುತ್ತೆ, ಅದನ್ನೇ ಬಹಳ ಜನ ಬಿಟ್ಟುಬಿಡ್ತಾರೆ.

ಎರಡು ನಂಬರು, ಎರಡು ಕೆಲಸ

2021ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 50 ಎಚ್‌ಪಿ ಆಸುಪಾಸಿನಿಂದ ಮೇಲಿನ ಚಕ್ರದ ನಿರ್ಮಾಣ ಯಂತ್ರಗಳಿಗೆ ಹೊಗೆ ನಿಯಮ ಬಿಗಿಯಾಯಿತು, 2023ರ ಜನವರಿಯಿಂದ ಅದೇ ಶಕ್ತಿಯ ಟ್ರ್ಯಾಕ್ಟರ್‌ಗಳಿಗೂ ಬಂತು. ಅಲ್ಲಿಂದ ಮುಂದೆ ಹಳೆ ಮೆಕ್ಯಾನಿಕಲ್ ಡೀಸೆಲ್ ಪಂಪಿನ ಜಾಗಕ್ಕೆ ಕಾಮನ್ ರೈಲ್, ಜೊತೆಗೆ ಕಂಪ್ಯೂಟರು ಮತ್ತು ಸೆನ್ಸರ್‌ಗಳು ಬಂದವು. ಹಾಗಾಗಿ ಇಲ್ಲಿ ಹೇಳುವ ಬಹುಪಾಲು ವಿಷಯ ನಿಮ್ಮ ಹೊಸ ಟ್ರ್ಯಾಕ್ಟರಿಗೂ ಹೊಂದುತ್ತೆ.

ಇಂಥ ಇಂಜಿನ್‌ಗಳಲ್ಲಿ ಹೆಚ್ಚಿನವು ಜೆ1939 ಅನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮಾತಾಡುತ್ತವೆ. ಅದರಲ್ಲಿ ಮೊದಲ ನಂಬರಿಗೆ ಎಸ್‌ಪಿಎನ್ ಅಂತ ಹೆಸರು. ಯಾವ ಅಳತೆ ಅನ್ನೋದನ್ನು ಅದು ಹೇಳುತ್ತೆ: 100 ಅಂದರೆ ಇಂಜಿನ್ ಆಯಿಲ್ ಒತ್ತಡ, 110 ಕೂಲೆಂಟ್ ಬಿಸಿ, 97 ಡೀಸೆಲ್‌ನಲ್ಲಿ ನೀರು, 157 ರೈಲ್‌ನ ಡೀಸೆಲ್ ಒತ್ತಡ, 168 ಬ್ಯಾಟರಿ ವೋಲ್ಟೇಜ್. ಕಂಪನಿ ಬದಲಾದರೂ ಈ ನಂಬರು ಬದಲಾಗಲ್ಲ. ಎರಡನೆಯದು ಎಫ್‌ಎಂಐ, 0ಯಿಂದ 31ರವರೆಗೆ.

ಎಫ್‌ಎಂಐ ಪೂರ್ತಿ ಬಾಯಿಪಾಠ ಮಾಡೋದು ಬೇಡ. ಎರಡು ಗುಂಪು ನೆನಪಿಟ್ಟರೆ ಅರ್ಧ ಕೆಲಸ ಮುಗೀತು. 0, 1, 15, 16, 17, 18 ಬಂದರೆ ಸೆನ್ಸರ್ ಹೇಳ್ತಿರೋದನ್ನು ಕಂಪ್ಯೂಟರ್ ನಂಬಿದೆ, ಆದರೆ ಅಳತೆಯೇ ಮಿತಿ ದಾಟಿದೆ ಅಂತ ಅರ್ಥ. 0 ಅಂದರೆ ವಿಪರೀತ ಜಾಸ್ತಿ, 1 ಅಂದರೆ ವಿಪರೀತ ಕಡಿಮೆ, ಉಳಿದವು ಅದಕ್ಕಿಂತ ಸೌಮ್ಯವಾದ ಎಚ್ಚರಿಕೆ. ಆಗ ನೋಡಬೇಕಾದ್ದು ಗಾಡಿಯನ್ನ. 3, 4, 5, 6 ಬಂದರೆ ಸೆನ್ಸರ್ ಹೇಳ್ತಿರೋದೇ ನಂಬೋ ಹಾಗಿಲ್ಲ, ವೋಲ್ಟೇಜೋ ಕರೆಂಟೋ ಅಸಾಧ್ಯವಾದ ಜಾಗದಲ್ಲಿದೆ ಅಂತ ಅರ್ಥ. ಆಗ ನೋಡಬೇಕಾದ್ದು ವೈರು, ಕನೆಕ್ಟರು, ಕೊನೆಗೆ ಸೆನ್ಸರು. 2 ಬಂದರೆ ಅಳತೆ ಹಿಂದೆಮುಂದೆ ಕುಣೀತಾ ಇದೆ, ಹೆಚ್ಚಾಗಿ ಸಡಿಲ ಕನೆಕ್ಟರ್ ಇರುತ್ತೆ.

ಆಯಿಲ್ ಒತ್ತಡವನ್ನೇ ತಗೊಳ್ಳಿ. 100 ಜೊತೆ 1 ಬಂದರೆ ಇಂಜಿನ್ ಒಳಗೆ ಆಯಿಲ್ ಒತ್ತಡ ನಿಜವಾಗಿಯೂ ಬಿದ್ದಿದೆ ಅಂತ ತಿಳಿದೇ ನಡೆದುಕೊಳ್ಳಬೇಕು. ಅದೇ ಕ್ಷಣ ಬಕೆಟ್ ಇಳಿಸಿ ಕೀ ಆಫ್ ಮಾಡಿ. "ಈ ಟ್ರಿಪ್ ಒಂದು ಮುಗಿಸಿಬಿಡೋಣ" ಅಂದರೆ ಬೇರಿಂಗು, ಕ್ರ್ಯಾಂಕು ಎಲ್ಲ ಕೂತುಹೋಗಿ ಇಂಜಿನ್ ಬಿಚ್ಚುವ ಖರ್ಚು ಬರುತ್ತೆ. ಅದೇ 100 ಜೊತೆ 3 ಅಥವಾ 4 ಬಂದರೆ ಆಯಿಲ್ ಚೆನ್ನಾಗೇ ಇರಬಹುದು, ವೈರು ತುಂಡಾಗಿರಬಹುದು. ಮೊದಲ ನಂಬರು ಎರಡರಲ್ಲೂ ಒಂದೇ. ಗುಂಪಿನಲ್ಲಿ "100 ಬಂದಿದೆ ಅಣ್ಣಾ" ಅಂತ ಅರ್ಧ ಕೋಡ್ ಹಾಕಿದರೆ ಅರ್ಧ ಉತ್ತರವೇ ಸಿಗೋದು. ಹಾಗಂತ 3, 4 ಬಂತು ಅಂತ ನಿರಾಳವಾಗಿ ಓಡಿಸೋದೂ ಬೇಡ. ಕಾವಲುಗಾರನೇ ಕುರುಡಾದಾಗ ನಿಜವಾದ ಒತ್ತಡ ಬಿದ್ದರೂ ಗೊತ್ತಾಗಲ್ಲ.

100–1 ಬಂದು ಗಾಡಿ ನಿಲ್ಲಿಸಿದ್ದೀರಿ, ಮುಂದೆ? ಸಮತಟ್ಟು ಜಾಗದಲ್ಲಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆ ಇದ್ದರೆ ಎಲ್ಲಿ ಸೋರಿದೆ ಅಂತ ಹುಡುಕಿ. ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಡೀಸೆಲ್ ಆಯಿಲ್‌ಗೆ ಇಳೀತಾ ಇದೆ, ಸ್ಟಾರ್ಟ್ ಮಾಡಬೇಡಿ. ಮಟ್ಟ ಸರಿ ಇದ್ದರೆ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಸಾದಾ ಮೆಕ್ಯಾನಿಕಲ್ ಗೇಜ್ ಹಾಕಿ ಒತ್ತಡ ಅಳೆಯುವ ತನಕ ಸೆನ್ಸರ್ ಮೇಲೆ ಗೂಬೆ ಕೂರಿಸೋ ಹಾಗಿಲ್ಲ. ಆ ಗೇಜು ಒಳ್ಳೆ ಡೀಸೆಲ್ ಮೆಕ್ಯಾನಿಕ್ ಹತ್ತಿರ ಇದ್ದೇ ಇರುತ್ತೆ.

ಕೆಲವು ಕಂಪನಿಗಳು ಪರದೆ ಮೇಲೆ ತಮ್ಮದೇ ಕೋಡ್ ತೋರಿಸುತ್ತವೆ, ಅದಕ್ಕೆ ಆಪರೇಟರ್ ಪುಸ್ತಕದ ಹಿಂಭಾಗದ ಪಟ್ಟಿಯೇ ಗತಿ. ಪುಸ್ತಕ ಕಳೆದಿದ್ದರೆ ಡೀಲರ್ ಹತ್ತಿರ ಪಿಡಿಎಫ್ ಕೇಳಿ ಫೋನಲ್ಲಿ ಇಟ್ಟುಕೊಳ್ಳಿ. ಪರದೆಯೇ ಇಲ್ಲದ ಗಾಡಿಯಲ್ಲಿ ದೀಪ ಮಿಟುಕಿಸುವ ಲೆಕ್ಕ ಇರುತ್ತೆ. ಎಣಿಸೋಕೆ ಹೋಗಿ ತಪ್ಪೋದಕ್ಕಿಂತ ವಿಡಿಯೋ ಮಾಡಿ ನಿಧಾನಕ್ಕೆ ನೋಡಿ.

ಬ್ಯಾಟರಿಯಿಂದ ಶುರು ಮಾಡಿ

ಪರದೆ ತುಂಬ ಒಂದಕ್ಕೊಂದು ಸಂಬಂಧ ಇಲ್ಲದ ಐದಾರು ಕೋಡ್ ಒಟ್ಟಿಗೆ ಬಂದರೆ ಗಾಬರಿ ಬೇಡ. ಐದಾರು ಪಾರ್ಟ್ ಒಂದೇ ದಿನ ಕೆಡೋದು ಅಪರೂಪ. ಕಂಪ್ಯೂಟರಿಗೆ ಸರಿಯಾದ ಕರೆಂಟ್ ಸಿಗದಿದ್ದರೆ ಅದು ಹೀಗೇ ಬಡಬಡಿಸೋದು.

ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಒಂದು ಟೂಲ್ ಬಾಕ್ಸಲ್ಲಿ ಇರಲೇಬೇಕು. ಈ ಗಾಡಿಗಳು ಸಾಮಾನ್ಯವಾಗಿ 12 ವೋಲ್ಟಿನವು. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಾ ಇದೆ ಅಂತ ಅರ್ಥ.

ಇನ್ನೊಂದು ಅಳತೆ ಇದೆ, ಬಹಳ ಮೆಕ್ಯಾನಿಕ್‌ಗಳೂ ಮಾಡಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಬೋಳು ಕಬ್ಬಿಣದ ಮೇಲೆ ಇಟ್ಟು ಯಾರಿಗಾದರೂ ಸೀಟಿನಲ್ಲಿ ಕೂತು ಸೆಲ್ಫ್ ಹೊಡೆಯೋಕೆ ಹೇಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ವೈರಿನಲ್ಲೇ ತೊಂದರೆ. ಕೋಳಿ ಗೊಬ್ಬರದಲ್ಲಿ, ಗಂಜಲದಲ್ಲಿ ಓಡಾಡುವ ಗಾಡಿಗಳಲ್ಲಿ ಈ ವೈರಿನ ತುದಿ ಹಸಿರು ಕಟ್ಟಿ ತಿಂದುಹೋಗಿರುತ್ತೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಖರ್ಚಿಲ್ಲದೆ ನಾಲ್ಕೈದು ಕೋಡ್ ಹೋಗಬಹುದು.

ಸೆನ್ಸರ್ ಕೊಳ್ಳುವ ಮೊದಲು ಎರಡು ನಿಮಿಷ

ಕೂಲೆಂಟ್ ಬಿಸಿ ಅಳೆಯುವಂಥ ಎರಡೇ ವೈರಿನ ಸೆನ್ಸರ್ ಇದ್ದರೆ ಕೆಟ್ಟಿರೋದು ಸೆನ್ಸರೋ ವೈರೋ ಅನ್ನೋದನ್ನು ಮನೆಯಲ್ಲೇ ತೀರ್ಮಾನ ಮಾಡಬಹುದು. ಕೋಡ್ 110–4 ಬಂದಿದೆ ಅಂದುಕೊಳ್ಳಿ. ಕೀ ಆಫ್ ಮಾಡಿ ಸೆನ್ಸರಿನ ಕನೆಕ್ಟರ್ ತೆಗೆಯಿರಿ, ಮತ್ತೆ ಕೀ ಆನ್ ಮಾಡಿ (ಸ್ಟಾರ್ಟ್ ಬೇಡ). ಈಗ ಕೋಡ್ 110–3ಕ್ಕೆ ಬದಲಾದರೆ ವೈರು, ಕಂಪ್ಯೂಟರು ಎರಡೂ ಸರಿ ಇವೆ, ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಧೈರ್ಯವಾಗಿ ಹೊಸದು ತನ್ನಿ. ಸೆನ್ಸರ್ ತೆಗೆದ ಮೇಲೂ 4 ಅಂತಲೇ ಹಠ ಹಿಡಿದರೆ ವೈರು ಎಲ್ಲೋ ಬಾಡಿಗೆ ತಾಗಿ ಉಜ್ಜಿಹೋಗಿದೆ, ಹೊಸ ಸೆನ್ಸರ್ ಹಾಕಿ ಪ್ರಯೋಜನ ಇಲ್ಲ.

ಮೊದಲೇ 110–3 ಇದ್ದರೆ ಉಲ್ಟಾ ಮಾಡಬೇಕು. ಕನೆಕ್ಟರ್ ತೆಗೆದು, ವೈರಿನ ಕಡೆಯ ಎರಡು ಪಿನ್ನುಗಳ ನಡುವೆ ಸಣ್ಣ ತಂತಿಯ ತುಂಡು ಸೇರಿಸಿ ಕೀ ಆನ್ ಮಾಡಿ. ಕೋಡ್ 4ಕ್ಕೆ ತಿರುಗಿದರೆ ವೈರು ಸರಿ, ಸೆನ್ಸರ್ ಸತ್ತಿದೆ. 3ರಲ್ಲೇ ಉಳಿದರೆ ವೈರು ತುಂಡಾಗಿದೆ ಅಥವಾ ಪಿನ್ ಒಳಗೆ ಜರುಗಿದೆ.

ಈ ತಂತಿ ಸೇರಿಸುವ ಕೆಲಸ ಎರಡು ವೈರಿನ ಬಿಸಿ ಸೆನ್ಸರಿಗೆ ಮಾತ್ರ. ಆಯಿಲ್ ಒತ್ತಡ, ರೈಲ್ ಒತ್ತಡದಂಥ ಮೂರು ವೈರಿನ ಸೆನ್ಸರಿಗೆ ಖಂಡಿತ ಮಾಡ್ಬೇಡಿ. ಅಲ್ಲಿ ಒಂದು ವೈರಿನಲ್ಲಿ ಕಂಪ್ಯೂಟರ್ ಕೊಡುವ 5 ವೋಲ್ಟ್ ಇರುತ್ತೆ, ಒಂದು ಅರ್ಥ್, ಒಂದು ಸಿಗ್ನಲ್. ಕನೆಕ್ಟರ್ ತೆಗೆದು ಕೀ ಆನ್ ಮಾಡಿ ಮೀಟರಿನಲ್ಲಿ ಆ 5 ವೋಲ್ಟ್ ಬರ್ತಾ ಇದೆಯಾ ಅಂತ ಅಳೆದರೆ ಸಾಕು. ಬರದಿದ್ದರೆ ಒಂದು ಸ್ವಾರಸ್ಯ ಇದೆ: ಆ 5 ವೋಲ್ಟನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ, ಒಂದು ಶಾರ್ಟ್ ಆದರೆ ಉಳಿದವೂ ಮಲಗುತ್ತವೆ. ಮೀಟರ್ ಹಿಡಿದುಕೊಂಡೇ ಒಂದೊಂದು ಸೆನ್ಸರಿನ ಕನೆಕ್ಟರ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ. ನಾಲ್ಕು ಸೆನ್ಸರ್ ಬರೆದುಕೊಟ್ಟ ಚೀಟಿ ಒಂದಕ್ಕೆ ಇಳಿಯೋದು ಇಂಥಲ್ಲೇ.

ವೈರು ಎಲ್ಲಿ ಕೆಟ್ಟಿರುತ್ತೆ? ನಮ್ಮ ಊರುಗಳಲ್ಲಿ ಮೊದಲ ಆರೋಪಿ ಇಲಿ. ಮೇವಿನ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಹುಡ್ ತೆಗೆದರೆ ಹುಲ್ಲಿನ ಗೂಡು, ಪಕ್ಕದಲ್ಲೇ ಕಡಿದ ವೈರು. ಎರಡನೆಯದು ಆರ್ಮ್ ಮೇಲೆ ಕೆಳಗೆ ಆಡುವ ಜಾಗ, ಅಲ್ಲಿ ವೈರು ಸಾವಿರ ಸಲ ಮಡಚಿ ಒಳಗೇ ಮುರಿದಿರುತ್ತೆ, ಹೊರಗಿನ ರಬ್ಬರ್ ಮಾತ್ರ ಸುಖವಾಗಿರುತ್ತೆ. ಮೂರನೆಯದು ಕನೆಕ್ಟರ್ ಒಳಗಿನ ನೀರು. ಸರ್ವಿಸ್ ಸ್ಟೇಷನ್ನಿನಲ್ಲಿ ಒತ್ತಡದ ನೀರನ್ನು ಇಂಜಿನ್ ಮೇಲೆ ನೇರ ಬಿಟ್ಟ ಮಾರನೇ ದಿನ ಕೋಡ್ ಬಂದರೆ ಹುಡುಕಾಟ ಅಲ್ಲಿಂದಲೇ ಶುರು ಮಾಡಿ. ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ ಹಾಕಿ. ವೈರಿಗೆ ಗುಂಡುಪಿನ್ ಚುಚ್ಚಿ ವೋಲ್ಟ್ ನೋಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಆ ತೂತಿನಿಂದ ಇಳಿದ ತೇವ ಆರು ತಿಂಗಳ ನಂತರ ಇನ್ನೊಂದು ಕೋಡ್ ಕೊಡುತ್ತೆ.

ಗಾಡಿಯೇ ಕೂಗಿದಾಗ

ಮೊದಲ ಗುಂಪಿನ ನಂಬರು ಬಂದರೆ ಮೀಟರ್ ಬೇಡ, ಕಣ್ಣು ಬೇಕು.

110ರ ಜೊತೆ 0 ಅಥವಾ 16 ಅಂದರೆ ಇಂಜಿನ್ ನಿಜಕ್ಕೂ ಕಾದಿದೆ. ಈ ಪುಟ್ಟ ಗಾಡಿಯ ರೇಡಿಯೇಟರ್ ಇಕ್ಕಟ್ಟಿನಲ್ಲಿ ಕೂತಿರುತ್ತೆ. ನಾರಿನ ಪುಡಿ, ಅಡಿಕೆ ಸಿಪ್ಪೆಯ ಧೂಳು, ಭತ್ತದ ಹೊಟ್ಟು ಒಂದೇ ದಿನದಲ್ಲಿ ಕಂಬಳಿ ಹೊದಿಸಿದ ಹಾಗೆ ಮುಚ್ಚುತ್ತೆ. ಗಾಳಿ ಒಳಗೆ ಬರುವ ದಿಕ್ಕಿಗೆ ಎದುರಿನಿಂದ ಕಂಪ್ರೆಸರ್ ಗಾಳಿ ಹೊಡೆಯಿರಿ. ಅದೇ ದಿಕ್ಕಿನಲ್ಲಿ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತೆ. ಆಯಿಲ್ ಕೂಲರ್ ಮತ್ತು ರೇಡಿಯೇಟರ್ ಮಧ್ಯದ ಸಂದಿ ಮರೆಯಬೇಡಿ, ಅಸಲಿ ಕಸ ಅಲ್ಲೇ. ಬಿಸಿ ಇರುವಾಗ ಮುಚ್ಚಳ ತೆಗೆಯೋದು ಬೇಡ ಅಂತ ಹೇಳಬೇಕಾ?

97 ಬಂದರೆ ಡೀಸೆಲ್ ಫಿಲ್ಟರ್ ಕೆಳಗಿನ ನೀರಿನ ಬಟ್ಟಲು ತುಂಬಿದೆ. ಕೆಳಗಿನ ತಿರುಪು ಸಡಿಲಿಸಿ ನೀರು ಬಿಡಿ, ಅಷ್ಟೇ. ಆದರೆ ವಾರಕ್ಕೊಮ್ಮೆ ಬರ್ತಾ ಇದ್ದರೆ ಗಾಡಿಯಲ್ಲಿ ದೋಷ ಇಲ್ಲ, ನಿಮ್ಮ ಡ್ರಮ್ಮಿನಲ್ಲಿ ಇದೆ. ಮಳೆಗಾಲದಲ್ಲಿ ಹೊರಗೆ ನಿಲ್ಲಿಸಿದ ಬ್ಯಾರೆಲ್, ಮುಚ್ಚಳ ಸರಿಯಿಲ್ಲದ ಕ್ಯಾನು, ಇವುಗಳ ತಳದ ಡೀಸೆಲ್ ಟ್ಯಾಂಕಿಗೆ ಹೋಗಲೇಬಾರದು. ನೀರು ಇಂಜೆಕ್ಟರಿಗೆ ತಲುಪಿದರೆ ಬಿಲ್ಲು ಬೇರೆಯೇ ಲೆಕ್ಕದಲ್ಲಿ ಬರುತ್ತೆ.

157ರ ಜೊತೆ 1 ಅಥವಾ 18 ಬಂದು ಗಾಡಿ ಎಳೆಯದಿದ್ದರೆ ರೈಲ್‌ನಲ್ಲಿ ಒತ್ತಡ ಸಾಲದು. ಪಂಪು ಹೋಗಿದೆ ಅನ್ನುವ ಮೊದಲು ಫಿಲ್ಟರ್ ಬದಲಿಸಿ, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಎಳೀತಾ ಇದೆಯಾ ನೋಡಿ. ಆದರೆ ಇಲ್ಲೊಂದು ಅಪಾಯ ಇದೆ. ಹಳೆ ಟ್ರ್ಯಾಕ್ಟರಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆದು ಏರ್ ತೆಗೆಯೋದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಕಾಮನ್ ರೈಲ್ ಇಂಜಿನ್ನಿನಲ್ಲಿ ಅದು ಬೇಡವೇ ಬೇಡ. ಅಲ್ಲಿ ಒತ್ತಡ 1000 ಬಾರ್ ದಾಟುತ್ತೆ. ನಟ್ ಸಡಿಲವಾದ ಜಾಗದಿಂದ ಬರುವ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತೆ. ಹೈಡ್ರಾಲಿಕ್ ಹೋಸಿನ ಸಣ್ಣ ತೂತೂ ಹಾಗೆಯೇ. ಸೋರಿಕೆಯನ್ನು ಕೈ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದ ಗಾಯ ಹೊರಗೆ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತೆ, ನೋವೂ ಮೊದಲು ಇರಲ್ಲ. ಆದರೂ ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ತಡ ಮಾಡಿದರೆ ಬೆರಳೋ ಕೈಯೋ ಹೋಗುವ ಗಾಯ ಅದು.

ಕೋಡೇ ಇಲ್ಲ, ಆರ್ಮ್ ಏಳ್ತಿಲ್ಲ

ಇಂಜಿನ್ ಓಡುತ್ತೆ, ಆರ್ಮ್ ಏಳಲ್ಲ, ಗಾಡಿ ಮುಂದೆ ಹೋಗಲ್ಲ. ಸ್ಕಿಡ್ ಸ್ಟಿಯರ್‌ನಲ್ಲಿ ಇದು ಎಷ್ಟೋ ಸಲ ಕೆಟ್ಟಿದ್ದಲ್ಲ, ಕಾವಲು. ಸೀಟಿನಲ್ಲಿ ಆಳು ಇದ್ದಾನಾ, ಎದೆ ಮುಂದಿನ ಸೀಟ್ ಬಾರ್ ಇಳಿದಿದೆಯಾ ಅಂತ ಸ್ವಿಚ್ಚು ನೋಡುತ್ತೆ. ಸೀಟಿನ ಕೆಳಗೆ ಗೊಬ್ಬರದ ಪುಡಿ ತುಂಬಿದರೂ, ಬಾರ್ ತಿರುಗುವ ಜಾಗದ ಸೆನ್ಸರ್ ಜರುಗಿದರೂ ಗಾಡಿ ಅಲ್ಲಾಡಲ್ಲ. ಸ್ವಚ್ಛ ಮಾಡಿ, ಕನೆಕ್ಟರ್ ನೋಡಿ.

"ಎರಡು ವೈರ್ ಸೇರಿಸಿ ಡೈರೆಕ್ಟ್ ಮಾಡಿಕೊಡ್ತೀನಿ" ಅನ್ನುವವರು ಸಿಗ್ತಾರೆ. ಒಪ್ಪಬೇಡಿ. ಈ ಗಾಡಿಯ ಆರ್ಮ್ ಆಪರೇಟರಿನ ಎರಡೂ ಪಕ್ಕದಲ್ಲಿ ಕತ್ತರಿ ಹಾಗೆ ಆಡುತ್ತೆ, ಇಳಿಯುವ ದಾರಿ ಮುಂದೆ, ಆರ್ಮ್ ಮತ್ತು ಬಕೆಟ್ ಕೆಳಗಿನಿಂದ. ಸ್ವಿಚ್ ಡೈರೆಕ್ಟ್ ಮಾಡಿದ ಗಾಡಿಯಿಂದ ಇಳಿಯುವಾಗ ಮೊಣಕಾಲು ಲಿವರಿಗೆ ತಾಗಿದರೂ ಸಾಕು. ಹಾಗೆಯೇ, ಎತ್ತಿದ ಆರ್ಮ್ ಕೆಳಗೆ ವೈರು ನೋಡೋಕೆ ಹೋಗಬೇಕಾದರೆ ಗಾಡಿಯಲ್ಲೇ ಇರುವ ಆರ್ಮ್ ಸಪೋರ್ಟ್ ಹಾಕಿಯೇ ಹೋಗಬೇಕು. ಜಾಕು, ಮರದ ದಿಮ್ಮಿ ಅದಕ್ಕೆ ಬದಲಿ ಅಲ್ಲ.

ಫೋನ್ ಎಲ್ಲಿ ಉಪಯೋಗ

ಕಾರಿಗೆ ಅಂತ ಆನ್‌ಲೈನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇಲ್ಲಿ ಆಗಿಬರಲ್ಲ. ಜೆ1939 ಗಾಡಿಗಳಲ್ಲಿ ಸಾಮಾನ್ಯವಾಗಿ ಒಂಬತ್ತು ಪಿನ್ನಿನ ಗುಂಡನೆಯ ಪ್ಲಗ್ ಇರುತ್ತೆ, ಕಾರಿನದ್ದು ಬೇರೆ. ಆ ಗುಂಡನೆಯ ಪ್ಲಗ್ ಇನ್ನೊಂದು ಕೆಲಸಕ್ಕೆ ಬರುತ್ತೆ. 639 ಅಥವಾ ಸಂಪರ್ಕ ತಪ್ಪಿದೆ ಅನ್ನುವ ಕೋಡ್‌ಗಳು ಬಂದರೆ, ಬ್ಯಾಟರಿ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು ಸಿ ಮತ್ತು ಡಿ ಪಿನ್‌ಗಳ ನಡುವೆ ಅಳೆಯಿರಿ. 60 ಓಮ್ ಹತ್ತಿರ ಬಂದರೆ ಕಂಪ್ಯೂಟರ್‌ಗಳ ನಡುವಿನ ಜೋಡಿ ವೈರು ಸರಿ ಇದೆ. 120 ಬಂದರೆ ಒಂದು ಕಡೆ ತುಂಡಾಗಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ವೈರು ಒಂದಕ್ಕೊಂದು ತಾಗಿವೆ.

ಫೋನಿನ ನಿಜವಾದ ಉಪಯೋಗ ಕ್ಯಾಮೆರಾದಲ್ಲಿದೆ. ಕೋಡ್ ಅಳಿಸುವ ಮೊದಲು ಎಲ್ಲ ಕೋಡ್‌ಗಳ ಫೋಟೋ ತೆಗೆಯಿರಿ. ಪರದೆಯಲ್ಲಿ ಆ್ಯಕ್ಟಿವ್ ಅಂತ ಇದ್ದರೆ ಈಗ ನಡೀತಿರುವ ತೊಂದರೆ, ಸ್ಟೋರ್ಡ್ ಅಂತ ಇದ್ದರೆ ಹಿಂದೆ ಬಂದು ಹೋದದ್ದು. ಎಷ್ಟು ಸಲ ಬಂದಿದೆ ಅನ್ನುವ ಲೆಕ್ಕವೂ ಕೆಲವದರಲ್ಲಿ ಇರುತ್ತೆ. ಅಳಿಸಿಬಿಟ್ಟರೆ ಈ ಸಾಕ್ಷಿ ಎಲ್ಲ ಹೋಯಿತು, ಮೆಕ್ಯಾನಿಕ್ ಬಂದಾಗ ಗಾಡಿ ಸಾಧು ಹಸುವಿನ ಹಾಗೆ ನಿಂತಿರುತ್ತೆ. ಕನೆಕ್ಟರ್ ಬಿಚ್ಚುವ ಮೊದಲೂ ಒಂದು ಫೋಟೋ ಇರಲಿ, ಯಾವ ವೈರು ಎಲ್ಲಿತ್ತು ಅನ್ನೋದಕ್ಕೆ.

ಬಕೆಟ್ಟಿನ ಹಲ್ಲು ಸವೆದು ವೆಲ್ಡಿಂಗ್ ಮಾಡಿಸುವಾಗ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ, ಇಂಜಿನ್ ಕಂಪ್ಯೂಟರಿನ ಕನೆಕ್ಟರ್ ತೆಗೆಯಿರಿ, ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಕ್ಲಾಂಪು ಹಿಂದಿನ ಚಕ್ರದ ಹತ್ತಿರ ಇದ್ದರೆ ಆ ಕರೆಂಟು ಇಡೀ ಗಾಡಿ ದಾಟಿ ಬರುತ್ತೆ, ದಾರಿಯಲ್ಲಿ ಕಂಪ್ಯೂಟರ್ ಸುಟ್ಟರೂ ಸುಟ್ಟೀತು. ಒಳ್ಳೆಯದೆಂದರೆ ಬಕೆಟ್ಟನ್ನೇ ಕಳಚಿ ಅಂಗಡಿಗೆ ಒಯ್ಯೋದು.

ಇಷ್ಟೆಲ್ಲ ನೋಡಿದ ಮೇಲೂ ಕೋಡ್ ಹೋಗದಿದ್ದರೆ, ರೈಲ್ ಒತ್ತಡದ ಒಳಗಿನ ಕೆಲಸ, ಇಂಜೆಕ್ಟರ್, ಕಂಪ್ಯೂಟರ್ ಬದಲಾವಣೆ ಇವು ಸರ್ವಿಸ್ ಸೆಂಟರಿನವರ ಪಾಲು. ಗ್ಯಾರಂಟಿ ಅವಧಿ ಇದ್ದರೆ ಸೀಲ್ ಇರುವ ಯಾವುದನ್ನೂ ಮುಟ್ಟಬೇಡಿ. ಅವರಿಗೆ ಬರೀ "ಗಾಡಿ ನಿಂತಿದೆ, ಬೇಗ ಬನ್ನಿ" ಅನ್ನದೆ ಹೀಗೆ ಬರೆದು ಕಳಿಸಿ: ಮಾಡೆಲ್ ಮತ್ತು ಸೀರಿಯಲ್ ನಂಬರು, ಎಷ್ಟು ಗಂಟೆ ಓಡಿದೆ, ಎರಡೂ ನಂಬರಿನ ಪೂರ್ತಿ ಕೋಡ್ ಮತ್ತು ಫೋಟೋ, ಬಂದಾಗ ಯಾವ ಕೆಲಸ ನಡೀತಿತ್ತು, ಇಂಜಿನ್ ಬಿಸಿ ಇತ್ತೋ ತಣ್ಣಗಿತ್ತೋ, ಬ್ಯಾಟರಿ ವೋಲ್ಟ್ ಎಷ್ಟು, ಕನೆಕ್ಟರ್ ತೆಗೆದಾಗ ಕೋಡ್ ಬದಲಾಯಿತೋ ಇಲ್ಲವೋ. ಇದನ್ನು ಓದಿದ ಮೆಕ್ಯಾನಿಕ್ ಬೇಕಾಗುವ ಪಾರ್ಟನ್ನು ಮೊದಲೇ ಬ್ಯಾಗಲ್ಲಿ ಹಾಕಿಕೊಂಡು ಬರ್ತಾನೆ, ನೋಡಿಕೊಂಡು ಹೋಗೋಕೆ ಒಂದು ದಿನ, ತರೋಕೆ ಇನ್ನೊಂದು ದಿನ ಅಂತ ಆಗಲ್ಲ.